ಹತ್ತೊಂಬತ್ತು ವರ್ಷ, ಒಂದೇ ಕ್ಲಬ್ಬು

ಮಕ್ಕಳು ಒಂದು ಪದವನ್ನು ತಪ್ಪು ಅರ್ಥದಲ್ಲಿ ಬಳಸಿದರೆ ನಾನು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತೇನೆ. ಹೆಚ್ಚಾಗಿ ಎರಡನೇ ಸಲ ಆ ತಪ್ಪು ಬರುವುದಿಲ್ಲ. ದೊಡ್ಡವರ ವಿಷಯ ಹಾಗಲ್ಲ. ‘ಕ್ಲಬ್ಬು’ ಎಂಬ ಒಂದೇ ಪದಕ್ಕೆ ಊರಿಂದ ಊರಿಗೆ ಹೋಗಿ ಅರ್ಥ ಹೇಳಿದ್ದೇನೆ, ಹೋದಲ್ಲೆಲ್ಲ ಸೋತು ಬಂದಿದ್ದೇನೆ.

ನನ್ನ ತಮ್ಮ ಬಾಸ್ಕೆಟ್‌ಬಾಲ್ ಆಟಗಾರ. ಆರಡಿ ನಾಲ್ಕಂಗುಲ ಎತ್ತರ. ಹತ್ತೊಂಬತ್ತು ವರ್ಷದಿಂದ ಆಂಧ್ರದ ಗಡಿಯ ನಮ್ಮ ಆದೋನಿಯ ಒಂದೇ ಕ್ಲಬ್ಬಿಗೆ ಆಡುತ್ತಿದ್ದಾನೆ. ಆಟವೇ ಅವನ ಉದ್ಯೋಗ, ಸಂಬಳ ಕ್ಲಬ್ಬಿನದು. ಆದರೆ ನಮ್ಮ ಕಡೆ ‘ಕ್ಲಬ್ಬಿಗೆ ಹೋಗ್ತಾನ’ ಎಂದರೆ ಇಸ್ಪೀಟು ಆಡಲು ಹೋಗುತ್ತಾನೆ ಎಂದರ್ಥ. ಬೇರೆ ಅರ್ಥ ಇಲ್ಲ.

ಅವ್ವ ಹೋದ ವರ್ಷ ತೀರಿಕೊಂಡಳು. ಆಸ್ಪತ್ರೆಯಲ್ಲಿ ನನಗೆ ಹೇಳಿದ್ದು ಒಂದೇ ಮಾತು: “ಅವನದೊಂದು ಲಗ್ನ ಮಾಡಿಬಿಡು.” ನಾನು ಹೂಂ ಎಂದೆ. ಒಪ್ಪಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಟ್ಟವಳಲ್ಲ ನಾನು. ಇದು ಅಷ್ಟು ಕಷ್ಟದ್ದೆಂದು ಆಗ ಗೊತ್ತಿರಲಿಲ್ಲ.

ವಿಚಾರಣೆ

ಮೊದಲು ಬಂದವರು ಪೆದ್ದಕಡುಬೂರಿನ ಒಬ್ಬ ಹೆಣ್ಣಿನ ತಂದೆ. ಮನೆಗೆ ಬರುವ ಮೊದಲೇ ಬಸ್ ಸ್ಟ್ಯಾಂಡಿನ ಚಹಾ ಅಂಗಡಿಯಲ್ಲಿ ವಿಚಾರಿಸಿದ್ದರು. ಅಂಗಡಿಯವನು “ಆ ಉದ್ದನ ಹುಡುಗನಾ? ಭಾಳ ಚಲೋ ಹುಡುಗ್ರಿ, ಯಾವಾಗ ನೋಡಿದ್ರೂ ಕ್ಲಬ್ಬಿನ್ಯಾಗ ಇರ್ತಾನ” ಎಂದು ಹೊಗಳಿದ್ದನಂತೆ.

“ಕ್ಲಬ್ಬಿಗೆ ಹೋಗೋದು ಖರೇ ಏನ್ರಿ, ಟೀಚರಮ್ಮ?”

“ಖರೇರಿ. ಆಡ್ತಾನ.”

“ದಿನಾ?”

“ಮುಂಜಾನಿ ಎರಡು ತಾಸು, ಸಂಜಿಗೆ ಮೂರು ತಾಸು.” ಖಚಿತವಾಗಿ ಹೇಳುವುದು ನನ್ನ ಅಭ್ಯಾಸ.

“ಎಷ್ಟು ವರ್ಷಾತು?”

“ಹತ್ತೊಂಬತ್ತು. ಒಂದೇ ಕ್ಲಬ್ಬು. ಬ್ಯಾರೆ ಕ್ಲಬ್ಬಿನ ಕಡೆ ತಿರುಗಿ ನೋಡಿಲ್ಲ.” ಇದನ್ನು ನಾನು ಹೆಮ್ಮೆಯಿಂದಲೇ ಹೇಳಿದೆ.

ಅವರು ಚಹಾದ ಕಪ್ಪನ್ನು ಕೆಳಗಿಟ್ಟು, ಕನಿಕರದಿಂದ ಕೇಳಿದರು: “ಯಾಕಮ್ಮ, ಬ್ಯಾರೆಯವ್ರು ಒಳಗ ಬಿಡಾಂಗಿಲ್ಲೇನು?”

ಜೋಕರ್

ಸಿ. ಬೆಳಗಲ್‌ಗೆ ತಮ್ಮನನ್ನೇ ಕರೆದುಕೊಂಡು ಹೋದೆ. ಅವನನ್ನು ಕಣ್ಣಾರೆ ನೋಡಿದರೆ ಅನುಮಾನ ಉಳಿಯುವುದಿಲ್ಲ ಎಂದುಕೊಂಡಿದ್ದೆ. ಅವನು ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಂಡೇ ಒಳಗೆ ಬಂದ. ಹೆಣ್ಣಿನ ಸೋದರಮಾವ ಚಾಪೆಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಸಲಿಗೆಯಿಂದ ಕೇಳಿದ:

“ನಿನ್ನೆ ಆಟ ಹ್ಯಾಂಗಾತಪ್ಪ?”

“ಭಾಳ ಚಲೋ ಆತು ಮಾಮ. ಇಪ್ಪತ್ತೆಂಟು ಪಾಯಿಂಟು.”

ಸೋದರಮಾವನ ಮುಖ ಸಣ್ಣದಾಯಿತು. “ಅಯ್ಯ ಪಾಪ. ಜೋಕರ್ ಬರಲಿಲ್ಲೇನು?”

ತಮ್ಮನ ತಂಡದಲ್ಲಿ ಎಲ್ಲರನ್ನೂ ನಗಿಸುವ ಒಬ್ಬನಿದ್ದಾನೆ. ಅವನನ್ನು ಕರೆಯುವುದೇ ಜೋಕರ್ ಎಂದು. ಅವನ ಹೆಸರು ಬೆಳಗಲ್‌ವರೆಗೆ ಬಂದಿದೆಯಲ್ಲ ಎಂದು ತಮ್ಮನಿಗೆ ಖುಷಿ.

“ಬಂದಿದ್ದ ಮಾಮ. ಹೊರಗ ಹಾಕಿದ್ವಿ. ಇಟ್ಕೊಂಡ್ರ ಬರೇ ತಾಪತ್ರಯ.”

ಅಲ್ಲಿಗೆ ಆ ಸಂಬಂಧವೂ ಮುರಿಯಿತು. ಮರುದಿನ ಸ್ಟಾಫ್ ರೂಮಿನಲ್ಲಿ ಸೋಷಿಯಲ್ ಸಾರ್ ನನಗೆ ಬಿಡಿಸಿ ಹೇಳಿದರು. ರಮ್ಮಿಯಲ್ಲಿ ಪಾಯಿಂಟು ಬರುವುದು ಸೋತವನಿಗೆ, ಜೋಕರ್ ಕೈಗೆ ಬಂದರೆ ಯಾರೂ ಬಿಟ್ಟುಕೊಡುವುದಿಲ್ಲ. ಒಬ್ಬ ಮೇಷ್ಟ್ರಿಗೆ ಇರಬೇಕಾದ್ದಕ್ಕಿಂತ ತುಸು ಹೆಚ್ಚೇ ಅವರಿಗೆ ಗೊತ್ತಿತ್ತು.

“ಇಸ್ಪೀಟು ಆಡೋನಿಗಾದ್ರೂ ಹೆಣ್ಣು ಕೊಟ್ಟಾರು ಟೀಚರ್,” ಎಂದರು ಅವರು. “ಕೈಗೆ ಬಂದ ಜೋಕರ್ ಒಗೆಯೋನಿಗೆ ಯಾರು ಕೊಡ್ತಾರ?”

ತಿದ್ದುಪಡಿ

ತೊಂದರೆ ಪದದ್ದು, ಪದವನ್ನೇ ತೆಗೆಯೋಣ ಎಂದು ನಿರ್ಧರಿಸಿದೆ. ತಮ್ಮನ ಬಯೋಡೇಟಾವನ್ನು ಕನ್ನಡದಲ್ಲೂ ತೆಲುಗಿನಲ್ಲೂ ಹೊಸದಾಗಿ ಬರೆದೆ. ‘ಕ್ಲಬ್ಬು’ ಇದ್ದಲ್ಲೆಲ್ಲ ‘ಸಂಘ’ ಹಾಕಿದೆ. ‘ಹತ್ತೊಂಬತ್ತು ವರ್ಷಗಳಿಂದ ಸಂಘದ ನಿಷ್ಠಾವಂತ ಸದಸ್ಯ.’ ಎರಡು ಸಲ ಓದಿ, ಅಲ್ಪವಿರಾಮಗಳನ್ನು ಸರಿಪಡಿಸಿ, ನಾಗಲದಿನ್ನೆಯ ಒಂದು ಮನೆಗೆ ಕಳಿಸಿದೆ.

ಮೂರನೇ ದಿನ ಹೆಣ್ಣಿನ ತಾಯಿ ಫೋನ್ ಮಾಡಿದರು.

“ಟೀಚರಮ್ಮ, ನಾನೂ ಸಂಘದಾಕಿನ. ಹನ್ನೆರಡು ವರ್ಷ ಲೀಡರ್ ಇದ್ದೀನಿ.”

ಆಗ ನನಗೆ ಹೊಳೆಯಿತು. ನಮ್ಮ ಹಳ್ಳಿಗಳಲ್ಲಿ ಸಂಘ ಎಂದರೆ ಹೆಣ್ಣುಮಕ್ಕಳ ಉಳಿತಾಯ ಸಂಘ.

“ನಮ್ಮ ಸಂಘದಾಗ ಗಂಡಸರನ್ನ ಹೊಸ್ತಿಲ ದಾಟಿಸಾಂಗಿಲ್ಲ. ನಿಮ್ಮ ತಮ್ಮ ಹತ್ತೊಂಬತ್ತು ವರ್ಷ ಹ್ಯಾಂಗ ಕುಂತ?”

ನಾನು ವಿವರಿಸಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

“ಹೋಗ್ಲಿ ಬಿಡ್ರಿ. ಅಷ್ಟು ವರ್ಷ ಅಷ್ಟು ಹೆಂಗಸರ ಮಾತು ಕೇಳಿದವ, ಇನ್ನ ನಮ್ಮ ಹುಡುಗಿ ಮಾತು ಕೇಳಾಕ ಕಿವಿ ಎಲ್ಲಿ ಉಳಿದಾವು?”

ಏಳು ಗಂಟೆ

ಅದೇ ದಿನಗಳಲ್ಲಿ ಹೈದರಾಬಾದಿನ ಒಂದು ಬ್ಯಾಂಕಿನ ತಂಡ ತಮ್ಮನನ್ನು ಕರೆಯಿತು, ಜೊತೆಗೆ ಕೆಲಸವನ್ನೂ ಕೊಡುತ್ತೇವೆಂದಿತು. ದೇವರೇ ಕಣ್ಣು ಬಿಟ್ಟ ಎಂದುಕೊಂಡೆ.

“ಹೋಗಪ್ಪ,” ಎಂದೆ. “ಬ್ಯಾಂಕು ಅಂದ್ರ ಎಲ್ಲಾ ಊರಾಗೂ ಒಂದೇ ಅರ್ಥ.”

ಅವನು ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದ. “ಅಲ್ಲಿ ಏಳು ಗಂಟಿ ಆದದ್ದು ನನಗ ಹ್ಯಾಂಗ ಗೊತ್ತಾಗ್ತೈತಿ ಅಕ್ಕ?”

ಕ್ಲಬ್ಬಿನ ಅಂಗಳ ನಮ್ಮ ಮನೆಯ ಹಿಂದೆಯೇ ಇದೆ. ದಿನಾ ಸಂಜೆ ಏಳಕ್ಕೆ ಅವ್ವ ಮಾಳಿಗೆ ಹತ್ತಿ ಕೂಗುತ್ತಿದ್ದಳು: “ಸಾಕು ಬಾರೋ, ರೊಟ್ಟಿ ಆರ್ತಾವ.” ಒಮ್ಮೆ ಪಂದ್ಯದ ನಡುವೆಯೇ ಕೂಗಿದಳು. ಹೊರಗಿನಿಂದ ಬಂದ ರೆಫ್ರಿ ಗಾಬರಿಯಾಗಿ ಸೀಟಿ ಊದಿದ, ಎದುರು ತಂಡದ ಇಬ್ಬರು ಕೈ ತೊಳೆಯಲು ನಲ್ಲಿಯ ಹತ್ತಿರ ಹೋದರು.

ಬ್ಯಾಂಕಿನವರಿಗೆ ಅವನು ಬರುವುದಿಲ್ಲ ಎಂದು ಬರೆದ. ಈಗ ಏಳಕ್ಕೆ ನಾನು ಮಾಳಿಗೆ ಹತ್ತುತ್ತೇನೆ. ನನ್ನ ದನಿ ಅಷ್ಟು ದೂರ ಹೋಗುವುದಿಲ್ಲ, ಶಾಲೆಯ ಹಳೆಯ ಕೈಗಂಟೆ ತಂದಿಟ್ಟುಕೊಂಡಿದ್ದೇನೆ. ಬಾರಿಸಿದರೆ ತಮ್ಮ ಬರುತ್ತಾನೆ. ನಮ್ಮ ಶಾಲೆಯ ಮಕ್ಕಳು ಬೀದಿಯಲ್ಲಿದ್ದರೆ ಪ್ರಾರ್ಥನೆಗೆ ಸಾಲಾಗಿ ನಿಲ್ಲುತ್ತಾರೆ.

ಚೆಂಡು

ಕೊನೆಗೆ ಹೊಳಗುಂದ ಕಡೆಯ ಒಂದು ಹಳ್ಳಿಗೆ ಹೊರಟೆ. ಕುರಿ ಸಾಕುವ ಮನೆತನ. ಈ ಸಲ ಪದಗಳನ್ನು ನಂಬಲಿಲ್ಲ. ಕೈಚೀಲದಲ್ಲಿ ಚೆಂಡನ್ನೇ ಒಯ್ದೆ. ಎಲ್ಲರೆದುರು ಚಾಪೆಯ ಮೇಲಿಟ್ಟು, “ನೋಡ್ರಿ, ನನ್ನ ತಮ್ಮ ಕ್ಲಬ್ಬಿನ್ಯಾಗ ಆಡೋದು ಇದನ್ನ” ಎಂದೆ.

ಹೆಣ್ಣಿನ ತಂದೆ ಚೆಂಡನ್ನು ನೋಡಿದರು, ನನ್ನನ್ನು ನೋಡಿದರು, ಹೆಂಡತಿಯ ಕಡೆ ಒಂದು ಸಲ ಕಣ್ಣು ಹಾಯಿಸಿದರು.

“ಹತ್ತೊಂಬತ್ತು ವರ್ಷ ಇದನ್ನ ಆಡ್ಯಾನಾ?”

“ಇದನ್ನರಿ.”

“ಸರೇ ಟೀಚರಮ್ಮ. ನನಗ ಅರ್ಥಮೈಂದಿ,” ಎಂದು ತೆಲುಗು ಬೆರೆಸಿ ಅರ್ಥವಾಯಿತೆಂದರು.

ಮುಂದಿನ ತಿಂಗಳು ಲಗ್ನವಾಯಿತು. ಅವ್ವನ ಫೋಟೋದ ಮುಂದೆ ಅಕ್ಷತೆ ಇಟ್ಟು, ಒಪ್ಪಿಕೊಂಡ ಕೆಲಸ ಮುಗಿಯಿತೆಂದು ಹೇಳಿದೆ.

ಲಗ್ನದ ನಂತರದ ಒಂದು ಭಾನುವಾರ ಹೆಣ್ಣಿನ ತಂದೆ, ಈಗ ನಮ್ಮ ಬೀಗರು, ಬಂದರು. ಅಂದು ಆಟಕ್ಕೆ ರಜೆ. ತಮ್ಮನ ಹೆಂಡತಿ ಅಡಿಗೆಮನೆಯಲ್ಲಿದ್ದಳು. ಪಡಸಾಲೆಯಲ್ಲಿ ತಮ್ಮ ಸುಮ್ಮನೆ ಕೂತಿದ್ದ, ನಾನು ಮೂಲೆಯಲ್ಲಿ ನೋಟ್‌ಬುಕ್ ತಿದ್ದುತ್ತಿದ್ದೆ. ಬೀಗರು ತಾವೇ ಎದ್ದು ಒಳಗಿನ ಕದ ಮುಚ್ಚಿ ಬಂದು, ಅಂಗಿಯ ಒಳಜೇಬಿನಿಂದ ಇಸ್ಪೀಟಿನ ಕಟ್ಟು ತೆಗೆದರು.

“ಬಾ ಅಳಿಯಾ. ಒಂದು ಆಟ ಹಾಕೋಣು.”

“ಮಾಮ, ನಾನು ಆಡೋದು ಚೆಂಡಿನ ಆಟ. ಅಕ್ಕ ತಂದು ತೋರ್ಸಿದ್ಳಲ್ಲ.”

“ತೋರ್ಸಿದ್ರು. ಭಾಳ ಶಾಣೇರು.” ನನ್ನ ಕಡೆ ಮೆಚ್ಚುಗೆಯಿಂದ ತಲೆದೂಗಿದರು. “ಹೆಂಗಸರ ಮುಂದ ಏನರ ಒಂದು ಹೇಳಬೇಕಲ್ಲಪ್ಪ. ನಾನೂ ಇಪ್ಪತ್ತು ವರ್ಷದಿಂದ ಕುರಿ ನೋಡಾಕ ಹೋಗ್ತೀನಿ ಅಂತನ ಹೇಳ್ತೀನಿ.”

ಹೆಣ್ಣು ಕೊಟ್ಟ ಮಾವ. ತಮ್ಮ ಇಲ್ಲ ಎನ್ನಲಾರದೆ ಕೂತ. ಆ ಉದ್ದನೆಯ ಬೆರಳುಗಳಲ್ಲಿ ಎಲೆಗಳು ನಿಲ್ಲದೆ ಜಾರಿ ಜಾರಿ ಬಿದ್ದವು. ಏಳು ಗಂಟೆಯಾಯಿತು. ಕದ ಮುಚ್ಚಿದ್ದರಿಂದ ತಮ್ಮನ ಹೆಂಡತಿಗೆ ಗಂಡ ಮನೆಯಲ್ಲೇ ಇದ್ದಾನೆಂದು ಗೊತ್ತಿರಲಿಲ್ಲ, ಎಂದಿನಂತೆ ಆಟಕ್ಕೆ ಹೋಗಿದ್ದಾನೆಂದುಕೊಂಡಿದ್ದಳು. ಮಾಳಿಗೆ ಹತ್ತಿ ಕೂಗಿದಳು: “ಸಾಕು ಬರ್ರಿ, ರೊಟ್ಟಿ ಆರ್ತಾವ.” ಆ ಮಾತನ್ನು ತಮ್ಮ ಹೇಳಿಕೊಟ್ಟಿರಬೇಕು. ಅವಳ ದನಿ ಅಂಗಳದ ಆಚೆ ಗೋಡೆಯವರೆಗೂ ಹೋಯಿತು. ನಾನು ಸ್ವಲ್ಪ ಹೊತ್ತು ಯಾವ ನೋಟ್‌ಬುಕ್ಕನ್ನೂ ತಿದ್ದಲಿಲ್ಲ.

ಆಟ ಮುಗಿದಿತ್ತು. ತಮ್ಮ ತನ್ನ ಕೈಯ ಎಲೆಗಳನ್ನು ಎಣಿಸಿದ.

“ಎಂಬತ್ತು ಪಾಯಿಂಟು ಮಾಮ,” ಎಂದ. ಮುಖದಲ್ಲಿ ಗೆದ್ದ ಕಳೆ. ಜನ್ಮದಲ್ಲಿ ಅಷ್ಟು ಪಾಯಿಂಟು ಅವನಿಗೆ ಬಂದಿರಲಿಲ್ಲ.

ಬೀಗರು ಎಲೆಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಅವುಗಳಲ್ಲಿ ಬಳಸದೇ ಉಳಿದ ಎರಡು ಜೋಕರ್ ಇದ್ದವು. ಆಮೇಲೆ ನನ್ನ ಕಡೆ ತಿರುಗಿ, ಮೋಸ ಹೋದವರ ದನಿಯಲ್ಲಿ ಕೇಳಿದರು:

“ಟೀಚರಮ್ಮ, ಖರೇ ಹೇಳ್ರಿ. ಹತ್ತೊಂಬತ್ತು ವರ್ಷ ಕ್ಲಬ್ಬಿನ್ಯಾಗ ಇವ ಏನು ಮಾಡಿದ?”