ಎಂಬತ್ತಕ್ಕೆ ನಡುಗುವ ಗಾಡಿ

ನಮ್ಮ ಕಾಕಾ ಅವರಿಗೆ ದೇವರು ಎರಡು ಕಿವಿ ಕೊಟ್ಟದ್ದು ಮನುಷ್ಯರ ಮಾತು ಕೇಳಲಿಕ್ಕೆ ಅಂತ ನೀವು ತಿಳಿದಿದ್ದರೆ, ಒಮ್ಮೆ ಚಿಕ್ಕೋಡಿಗೆ ಬಂದು ನಮ್ಮ ಕಾಕು ಅವರನ್ನು ಕೇಳಿ ನೋಡಿ! ಮದುವೆಯಾಗಿ ನಲವತ್ತು ವರ್ಷವಾದರೂ ಕಾಕು ಅವರ ಒಂದು ಮಾತೂ ಆ ಕಿವಿಗೆ ಬಿದ್ದಿಲ್ಲ. ಆದರೆ ಪಕ್ಕದ ಓಣಿಯಲ್ಲಿ ಯಾರದಾದರೂ ಮಿಕ್ಸರ್ ಶ್ರುತಿ ತಪ್ಪಲಿ, ಕಾಕಾ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಡುತ್ತಾರೆ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದವರು. ರೋಗಿಯ ನಾಡಿ ಹಿಡಿಯಬೇಕು, ಯಂತ್ರದ ಸದ್ದು ಕೇಳಬೇಕು, ಉಳಿದದ್ದೆಲ್ಲ ಬರೀ ಬಾಯಿಮಾತು ಎನ್ನುವುದು ಅವರ ಸಿದ್ಧಾಂತ.

ರಾಯಬಾಗದ ಒಂದು ಮದುವೆಯಲ್ಲಿ ನಾವೆಲ್ಲ ಅಕ್ಷತೆ ಹಿಡಿದು ನಿಂತಿದ್ದೆವು. ಮಂಗಳಾಷ್ಟಕ ಮುಗಿಯುವ ಹೊತ್ತಿಗೆ ಕಾಕಾ ಕೈ ಎತ್ತಿ, "ನಿಲ್ಸ್ರಿ! ಮ್ಯಾಲಿನ ಫ್ಯಾನಿನ ಬೇರಿಂಗ್ ಹೋಗೇತಿ" ಅಂದರು. ಪುರೋಹಿತರು ಸಿಟ್ಟಾಗಿ, "ಮುಹೂರ್ತ ಮೀರಾಕತ್ತೈತ್ರೀ!" ಎಂದರು. "ಮುಹೂರ್ತ ಇನ್ನೊಂದು ಸಿಗ್ತೈತ್ರಿ. ಫ್ಯಾನ್ ಬಿದ್ರ ಮದುಮಗ ಇನ್ನೊಬ್ಬ ಸಿಗ್ತಾನೇನು?" ಮದುಮಗ ತಾನಾಗಿಯೇ ಎರಡು ಹೆಜ್ಜೆ ಹಿಂದೆ ಸರಿದ. ತಾಳಿ ಕಟ್ಟುವಾಗ ಫ್ಯಾನ್ ಬಂದ್ ಇತ್ತು, ಎಲ್ಲರೂ ಬೆವರಿನಲ್ಲಿ ತೊಯ್ದಿದ್ದೆವು.

ಇಂಥ ಕಾಕಾ ಅವರ ಸ್ವಂತ ಕಾರಿಗೇ ರೋಗ ಬಂದರೆ ಹೇಗಿರಬೇಡ! ಚಿಕ್ಕೋಡಿ, ಕಬ್ಬೂರು ಅಂತ ಓಡಾಡುವಾಗ ಏನೂ ಇಲ್ಲ, ಯಾಕೆಂದರೆ ಆ ರಸ್ತೆಗಳಲ್ಲಿ ಅರವತ್ತು ದಾಟಲು ಎಮ್ಮೆಗಳು ಬಿಡುವುದಿಲ್ಲ. ನಿಪ್ಪಾಣಿಯಲ್ಲಿ ಹೆದ್ದಾರಿ ಹತ್ತಿ ಮುಳ್ಳು ಎಂಬತ್ತಕ್ಕೆ ಬಂತೋ, ಸ್ಟೀರಿಂಗು ಚಳಿಜ್ವರ ಬಂದವರಂತೆ ಗಡಗಡ. ದಸರೆ ಮುಗಿದ ವಾರವೇ ಇದು ಶುರುವಾಗಿತ್ತು.

ಕಾಕಾ ಅವರ ಮಗ ಹೈಸ್ಕೂಲ್ ಮಾಸ್ತರ. ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: "ಗಾಡಿ ಬರೋಬ್ಬರಿ ಐತೆಪ್ಪಾ, ನಡಗೂದು ನಿನ್ನ ಕೈ. ದೀಪಾವಳಿಯೊಳಗ ಗಾಡ್ಯಾಗಿನ ತಪ್ಪು ತೋರಸು, ಇಲ್ಲಂದ್ರ ಚಾವಿ ನನ್ನ ಕಡೆ ಕೊಡು."

ಸ್ಟೀರಿಂಗ್ ಇಲ್ಲದ ಕಾಕಾ! ಅದನ್ನು ಊಹಿಸುವುದೂ ನಮಗೆ ಕಷ್ಟ. ಅಂದಿನಿಂದ ತನಿಖೆ ಆರಂಭವಾಯಿತು. ತನಿಖಾಧಿಕಾರಿ ಕಾಕಾ, ಸಾಕ್ಷಿ ಕಾಕು, ಉಪಕರಣ ನಾನು. ನಾನು ಅವರ ಅಣ್ಣನ ಮಗ, ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಹಾಗೆಂದು ನನ್ನ ಅಭಿಪ್ರಾಯ ಯಾರಿಗೆ ಬೇಕು? ನನ್ನ ತೊಡೆಯ ಮೇಲೆ ನೀರು ತುಂಬಿದ ಹಿತ್ತಾಳೆ ತಂಬಿಗೆ ಇಟ್ಟರು. ಎಷ್ಟು ವೇಗಕ್ಕೆ ನೀರು ಎಷ್ಟು ಕುಣಿಯುತ್ತದೆ ಎಂದು ನಾನು ಕೂಗಬೇಕು, ಕಾಕು ಅದನ್ನು ಹಳೆಯ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳಬೇಕು. ಎಂಬತ್ತಕ್ಕೆ ನೀರು ನನ್ನ ಪ್ಯಾಂಟಿನ ಮೇಲಿತ್ತು. ಟೋಲ್ ನಾಕಾದವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

"ಕಾಕಾ, ಗಾಲಿಗಳ ತೂಕದಾಗ ಫರಕು ಬಂದಿರಬೇಕ್ರಿ. ಟೈರಿನ ಅಂಗಡಿಗೆ ಹೋಗೂಣು" ಅಂದೆ.

"ನಿನ್ನ ಪುಸ್ತಕ ಮುಚ್ಚಲೇ. ತೂಕದ ಫರಕು ಅಂದ್ಯಲ್ಲ, ಅದಟ್ಟ ಖರೆ."

ಮರುದಿನ ನೋಡುತ್ತೇನೆ, ಗಾಡಿಯ ಮುಂದೆ ಎಡಕ್ಕೆ ಕಟ್ಟಿದ್ದ ನಿಂಬೆಹಣ್ಣು-ಮೆಣಸಿನಕಾಯಿಗೆ ಜೋಡಿಯಾಗಿ ಬಲಕ್ಕೂ ಒಂದು ತೂಗುತ್ತಿತ್ತು! ಒಳಗಿನ ಗಣಪತಿ ನಟ್ಟನಡುವೆ ಬಂದು ಕೂತಿದ್ದ. ಕಾಕು ಅವರನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಕೂರಿಸಿ ಓಡಿಸಿದರು. "ನನ್ನ ತೂಕ ನಲವತ್ತು ವರ್ಷದಿಂದ ಐತಿ, ಗಾಡಿ ನಡಗಾಕತ್ತಿದ್ದು ಮೊನ್ನೆಯಿಂದ" ಎಂದು ಕಾಕು ಗೊಣಗಿದರು. ಯಥಾಪ್ರಕಾರ, ಕಿವಿಗೆ ಬೀಳಲಿಲ್ಲ.

ಒಂದು ಉಪಾಯ ಮಾತ್ರ ಅವರು ಒಪ್ಪಲೇ ಇಲ್ಲ. "ಒಂದ್ಸಲ ನಾ ಹೊಡದು ನೋಡ್ತೀನ್ರಿ, ನನ್ನ ಕೈಯಾಗೂ ನಡಗಿದ್ರ ಗಾಡಿದ ತಪ್ಪು ಅಂತ ಆತಲ್ರಿ" ಎಂದರೆ ತಟ್ಟನೆ ಕಬ್ಬಿನ ವಿಷಯ ತೆಗೆಯುತ್ತಿದ್ದರು. ಎಂಥ ಹಟಮಾರಿ ಅಂದುಕೊಂಡೆ. ನಾನೆಂಥ ದಡ್ಡ!

ಮೂರನೆಯ ಸವಾರಿಯಲ್ಲಿ ತಂಬಿಗೆ ಹೊರಳಿ ಕಾಕು ಅವರ ಹೊಸ ಸೀರೆ ತೊಯ್ದಿತು. ಕಾಕು ಹೆದ್ದಾರಿಯ ಬದಿಯ ಟೈರಿನ ಅಂಗಡಿಯ ಮುಂದೆ ಹಟ ಮಾಡಿ ಗಾಡಿ ನಿಲ್ಲಿಸಲು ಹಚ್ಚಿ ಇಳಿದೇಬಿಟ್ಟರು: "ಇದರ ಗಾಲಿ ಬಿಚ್ಚೂತನಕಾ ನಾ ಹತ್ತಂಗಿಲ್ಲ." ಈ ಮಾತು ಮಾತ್ರ ಹೇಗೋ ಕೇಳಿಸಿತು.

ಅಂಗಡಿಯವರು ಕುಡಚಿ ಕಡೆಯ ಹಿರಿಯರು. ಮುಂದಿನ ಎಡಗಾಲಿ ಬಿಚ್ಚಿ ಒಳಗೆ ನೋಡಿ, "ಯಾ ಅಲ್ಲಾ!" ಅಂದರು. ಗಾಲಿಯ ಒಳಮೈಗೆ ಒಂದೇ ಬದಿಯಲ್ಲಿ ಹೊಲದ ಕಪ್ಪು ಎರಿಮಣ್ಣು ಒಣಗಿ ಕಲ್ಲಾಗಿ ಅಂಟಿತ್ತು. ಅವರು ಅದನ್ನು ಕೆತ್ತಿ ಕೆತ್ತಿ ತೆಗೆದು, "ಕಾಕಾರ, ಅರ್ಧ ಹೊಲ ಗಾಲ್ಯಾಗ ಇಟ್ಕೊಂಡು ತಿರಗಾಕತ್ತೀರಲ್ರಿ!" ಎಂದರು.

ಕಾಕಾ ಒಂದು ಹೆಂಟೆ ಎತ್ತಿ ಮೂಸಿದರು. "ಇದು ಸದಲಗಾದ ಮಣ್ಣು."

ಆಗ ಎಲ್ಲವೂ ನೆನಪಾಯಿತು. ದಸರೆಯ ಮುಂಚೆ ಸದಲಗಾದ ಬೀಗರ ಕಬ್ಬಿನ ಹೊಲದಲ್ಲಿ ಗಾಡಿ ಹುಗಿದು, ಟ್ರ್ಯಾಕ್ಟರ್ ಕಟ್ಟಿ ಎಳೆಸಿದ್ದೆವು. ಆಯುಧಗಳ ಹಬ್ಬವಾದ ಖಂಡೇನವಮಿಗೆ ಹೊರಗಷ್ಟೇ ತೊಳೆದು, ನಾಲ್ಕೂ ಗಾಲಿಗೆ ವಿಭೂತಿ ಬಳಿದು ಪೂಜೆ ಮಾಡಿದ್ದೆವು. ಆಮೇಲೆ ಗಾಲಿಗೆ ನೀರು ತಾಗಿಸಲು ಕಾಕಾ ಬಿಟ್ಟರೆ ತಾನೆ? ಪೂಜೆಯ ವಿಭೂತಿ ತಾನಾಗಿಯೇ ಅಳಿಯಬೇಕಂತೆ! ಹೊರಗೆ ಶಿವ, ಒಳಗೆ ಸದಲಗಾ.

ಗಾಲಿಯನ್ನು ಯಂತ್ರಕ್ಕೆ ಹಾಕಿ ತಿರುಗಿಸಿ, ಕಡಿಮೆಯಾದ ಕಡೆ ಪುಟ್ಟ ತೂಕ ಅಂಟಿಸಿದ್ದಾಯಿತು. ಮತ್ತೆ ಹೆದ್ದಾರಿ. ಎಪ್ಪತ್ತು. ಎಂಬತ್ತು. ತೊಂಬತ್ತು. ತಂಬಿಗೆಯ ನೀರು ಸುಮ್ಮನಿತ್ತು! "ನನ್ನ ಕೈ ಅಲ್ಲಲೇ!" ಎಂದು ಕಾಕಾ ಕೂಗಿದರು. "ಗಾಡಿ! ಗಾಡಿದ ಇತ್ತು!" ಅವರ ಕಣ್ಣಲ್ಲಿ ನೀರಿತ್ತು. ಮಣ್ಣಿನ ಹೆಂಟೆಯನ್ನು ಮಗನಿಗೆ ತೋರಿಸಲು ಕಾಗದದಲ್ಲಿ ಕಟ್ಟಿಟ್ಟುಕೊಂಡಿದ್ದರು.

ಈ ಖುಷಿಗೆ ಚಹಾ ಕುಡಿಯಲು ಒಂದು ಧಾಬಾದಲ್ಲಿ ನಿಂತೆವು. ಕಾಕಾ ಕಪ್ಪನ್ನು ಬಸಿಯ ಸಮೇತ ಎತ್ತಿಕೊಂಡರು.

ಕಟಕಟ ಕಟಕಟ.

ಸಣ್ಣ ಸದ್ದು. ಆದರೆ ಆ ಕಿವಿಗೆ ಕೇಳದ ಸದ್ದುಂಟೆ? ಕಪ್ಪು ಬಸಿಯನ್ನು ಬಡಿಯುತ್ತಿತ್ತು. ಬಸಿ ಅವರ ಕೈಯಲ್ಲಿತ್ತು. ಗಾಡಿ ದೂರ ಬೇವಿನ ಮರದ ಕೆಳಗೆ ನಿಂತಿತ್ತು. ನನ್ನನ್ನು ಒಮ್ಮೆಯೂ ಸ್ಟೀರಿಂಗ್ ಮುಟ್ಟಗೊಡದ್ದು ಯಾಕೆಂದು ಆಗ ಹೊಳೆಯಿತು. ನನ್ನ ಕೈಯಲ್ಲಿ ಅದು ನಡುಗದೇ ಹೋದರೆ ಏನು ಗತಿ ಎಂಬ ಭಯ ಅವರಿಗೆ.

ಕಾಕಾ ಬಸಿಯನ್ನು ಟೇಬಲ್ಲಿನ ಮೇಲಿಟ್ಟರು. ಇಡುವಾಗಲೂ ಕಟಕಟ. ನಾನು ಮೆಲ್ಲಗೆ ಮೊಣಕಾಲಿನಿಂದ ಟೇಬಲ್ ಅಲುಗಿಸಿ, "ಇದರ ಕಾಲು ಸಡ್ಲ ಆಗೇತ್ರಿ ಕಾಕಾ" ಅಂದೆ.

"ಟೇಬಲ್ ಗಟ್ಟಿ ಐತಿ" ಎಂದರು ಕಾಕಾ. ಕೂರುವಾಗಲೇ ಪರೀಕ್ಷೆ ಮಾಡಿದ್ದರಲ್ಲ. ಬಸಿಯನ್ನು ಅತ್ತ ಸರಿಸಿ, "ಅಪ್ಪಂದೂ ಹಿಂಗ ಬಸಿಯಿಂದನ ಶುರು ಆಗಿತ್ತು" ಎಂದರು. ಕಾಕು ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

ಹೊರಡುವಾಗ ಕಾಕಾ ಚಾವಿಯನ್ನು ನನ್ನ ಅಂಗೈಯಲ್ಲಿಟ್ಟರು. "ನೀ ಹೊಡಿ. ನಾ ಬಾಜೂಕ ಕುಂತು ಕೇಳ್ತೀನಿ." ಮೂವತ್ತು ವರ್ಷ ಬಸ್ಸು, ಹನ್ನೆರಡು ವರ್ಷ ಈ ಕಾರು ಓಡಿಸಿದ ಮನುಷ್ಯ ಎಡಗಡೆಯ ಬಾಗಿಲು ಯಾವ ಕಡೆ ತೆರೆಯುತ್ತದೆ ಎಂದು ಒಂದು ಕ್ಷಣ ತಡವರಿಸಿದರು. ನನಗೆ ಅಳು ಬಂತು.

ಮುಳ್ಳು ಎಂಬತ್ತು ಮುಟ್ಟಿದಾಗ ಕಾಕಾ ಕಣ್ಣು ಮುಚ್ಚಿ ಕಿವಿ ಕೊಟ್ಟರು.

"ನಡಗ್ತೈತೇನಲೇ?"

"ಇಲ್ರಿ ಕಾಕಾ" ಅಂದೆ. ಗಾಡಿ ನಡುಗುತ್ತಿರಲಿಲ್ಲ. ನನ್ನ ಕೈ ನಡುಗುತ್ತಿತ್ತು.