ಅಂಗುಲರಾಯರು ಅಳೆದು ತೆಗೆದ ಫೋಟೋ

ಕೋಟು ಹೊಲಿಸಲು ಹೋದ ದಿನ ನನಗೆ ಅಂಗುಲರಾಯರ ಪರಿಚಯವಾಯಿತು. ದರ್ಜಿಗೆ ಆ ಹೆಸರಿಟ್ಟವರು ಬೀದಿಯವರು. ನನ್ನ ಭುಜವನ್ನು ಮೂರು ಸಲ ಅಳೆದಾದ ಮೇಲೆ, ಹೊಸದಾಗಿ ಕೊಂಡ ಕ್ಯಾಮೆರಾವನ್ನು ತೋರಿಸಿದರು.

"ಸ್ಟುಡಿಯೋದವರದ್ದೆಲ್ಲ ಕಣ್ಣಂದಾಜು, ಮೇಷ್ಟ್ರೇ. ನಾಳೆ ನಮ್ಮತ್ತೆ ಫೋಟೋ ತೆಗೀತೀನಿ, ಅಳತೆ ಹಿಡಿದು. ನೀವೂ ಮನೆಗೆ ಬನ್ನಿ, ನೋಡಿ."

ಎಂಬತ್ತನಾಲ್ಕರ ಅತ್ತೆ ಮಗಳ ಮನೆಗೆ ಬಂದದ್ದು ಒಂದೇ ದಿನಕ್ಕೆ. ಸಂಜೆಯ ಬಸ್ಸಿಗೆ ಹೊರಡುವವರು. ತಾಯಿಯ ಜೊತೆ ತನ್ನದೊಂದು ಒಳ್ಳೆಯ ಫೋಟೋ ಇಲ್ಲವೆಂಬ ಕೊರಗು ರಾಯರ ಹೆಂಡತಿಗೆ ಮೂವತ್ತು ವರ್ಷದ್ದು. ಮರುದಿನ ನಾನು ಹೋದಾಗ ಅಂಗಳದಲ್ಲಿ ತಾಯಿ ಕುರ್ಚಿಯಲ್ಲಿ ಕೂತರು. ಮಗಳು ಹಿಂದೆ ನಿಂತು ಅವರ ಹೆಗಲ ಮೇಲೆ ಕೈಯಿಟ್ಟರು.

"ನೋಡಿ ಅತ್ತೆ, ಇದರ ಕಣ್ಣು ಎಷ್ಟು ಅಗಲ ತೆರೆಯುತ್ತೆ" ಎಂದು ರಾಯರು ಲೆನ್ಸಿನ ಕಿಂಡಿಯನ್ನು ಪೂರ್ತಿ ತೆರೆದರು. ಟೇಪಿನ ತುದಿಯನ್ನು ಅತ್ತೆಯ ಮೂಗಿಗೆ ಮುಟ್ಟಿಸಿ, ಲೆನ್ಸಿನ ಮೇಲಿನ ಗುರುತನ್ನು ಐದು ಅಡಿಗೆ ತಿರುಗಿಸಿ, ಗುಂಡಿ ಒತ್ತಿದರು.

ಕ್ಯಾಮೆರಾದ ಹಿಂಬದಿಯ ಪರದೆಯಲ್ಲಿ ಅತ್ತೆಯ ರೆಪ್ಪೆಯ ಕೂದಲನ್ನೂ ಎಣಿಸಬಹುದಿತ್ತು. ಹಿಂದೆ ಮಾತ್ರ ಹೊಗೆಯಂಥದೊಂದು ನಿಂತಿತ್ತು.

"ಇದ್ಯಾರು?" ಹೆಂಡತಿ ಕೇಳಿದರು.

"ನೀನೇ."

"ಬೆಳಗ್ಗಿಂದ ತಲೆ ಬಾಚಿಕೊಂಡಿದ್ದು ಈ ಹೊಗೆ ಆಗೋದಕ್ಕಾ?"

"ಅತ್ತೇನ ಅಳೆದೆ, ನಿನ್ನನ್ನ ಅಳೀಲಿಲ್ಲ. ತಾಳು."

ಈ ಸಲ ಟೇಪು ಹೆಂಡತಿಯ ಮೂಗಿಗೆ ಹೋಯಿತು. ಆರೂವರೆ ಅಡಿ. ಹೆಂಡತಿ ಕನ್ನಡಿಯಲ್ಲಿ ಕಂಡಂತೆ ಕಂಡರು, ಅತ್ತೆ ಮಂಜಾದರು.

"ಕಣ್ಣೆದುರು ಕೂತಿರೋ ಅಮ್ಮನ್ನ ಅಳಿಸಿ ಹಾಕಿದ್ರಲ್ರೀ. ನಾವಿಬ್ರೂ ಒಟ್ಟಿಗೆ ಕಾಣ್ಬಾರ್ದು ಅಂತ ಹಟವಾ?"

"ನನ್ನ ಅಳತೆ ಕಾಲಂಗುಲ ತಪ್ಪಿಲ್ಲ" ಎಂದು ರಾಯರೂ ಸಿಡುಕಿದರು. "ನೀವು ಹಿಂದೆ ಮುಂದೆ ಇರೋದೇ ತಪ್ಪು. ಪಕ್ಕಕ್ಕೆ ಬಾ."

"ಬರಲ್ಲ. ನಿಂತಲ್ಲೇ ಕಾಣಿಸ್ಬೇಕು. ಆಗದಿದ್ರೆ ಇಬ್ಬರನ್ನೂ ಇಸ್ತ್ರಿ ಹೊಡೆದು ಚಪ್ಪಟೆ ಮಾಡಿ."

ಅತ್ತೆ ಗಡಿಯಾರ ನೋಡಿದರು. "ಅಳಿಯಂದಿರೇ, ಸೂಜಿಗೆ ದಾರ ಪೋಣಿಸುವಾಗ ಕಣ್ಣು ಅಗಲ ಮಾಡ್ತೀರೋ, ಕಿರಿದು ಮಾಡ್ತೀರೋ?"

"ಕಿರಿದು."

"ಮತ್ತೆ ಅದರ ಕಣ್ಣನ್ನ ಯಾಕೆ ಹಾಗೆ ಬಿಡಿಸಿ ಇಟ್ಟಿದ್ದೀರಿ?"

ನಲವತ್ತು ವರ್ಷ ಸೂಜಿ ಹಿಡಿದ ರಾಯರು ಕಿಂಡಿಯನ್ನು ಕಿರಿದು ಮಾಡಿದರು. ಗುರುತನ್ನು ಎರಡು ಮೂಗುಗಳ ಅಳತೆಯ ನಡುವೆ, ಐದೂಮುಕ್ಕಾಲು ಅಡಿಗೆ ತಂದು ಗುಂಡಿ ಒತ್ತಿದರು. ತಾಯಿಯೂ ಸ್ಪಷ್ಟ, ಮಗಳೂ ಸ್ಪಷ್ಟ. ಹೆಂಡತಿ ಕಣ್ಣೊರೆಸಿಕೊಂಡರು. ಆಮೇಲೆ ಪರದೆಯನ್ನು ಹತ್ತಿರ ಹಿಡಿದು ನೋಡಿ, ನಕ್ಕು ನಕ್ಕು ಮತ್ತೆ ಕಣ್ಣೊರೆಸಿಕೊಂಡರು. ಹಿಂದೆ ಹಗ್ಗದ ಮೇಲೆ ಒಣಗುತ್ತಿದ್ದ ರಾಯರ ಬನಿಯನ್ನಿನ ಏಳು ತೂತುಗಳೂ ಅಷ್ಟೇ ಸ್ಪಷ್ಟವಾಗಿದ್ದವು.

ಆ ಫೋಟೋವನ್ನು ಹೆಂಡತಿ ದೊಡ್ಡದು ಮಾಡಿಸಿ ಅಂಗಡಿಯ ಗೋಡೆಗೆ ಹಾಕಿದ್ದಾರೆ. ಅದನ್ನು ಇಳಿಸುವ ಅಧಿಕಾರ ರಾಯರಿಗಿಲ್ಲ. ಬಂದ ಗಿರಾಕಿ ಮೊದಲು ಫೋಟೋ ನೋಡುತ್ತಾನೆ, ಆಮೇಲೆ ದರ್ಜಿಯನ್ನು. ಹಾಗಾಗಿ ರಾಯರು ಈಗೀಗ ಬೆಳಗ್ಗೆ ಅಂಗಡಿ ತೆರೆದೊಡನೆ, ಯಾರ ಬಟ್ಟೆಯನ್ನೂ ಮುಟ್ಟುವ ಮೊದಲು, ತಮ್ಮ ಬನಿಯನ್ನಿಗೆ ತೇಪೆ ಹಾಕುತ್ತಾರೆ.