ಕೋಲಾರದಲ್ಲೊಂದು ಹೆರೋದನ ಅರಮನೆ

ನಮ್ಮ ಭಾವನವರ ಕೈಗೆ ಬೈಬಲಿನ ಶುಭಸಂದೇಶವನ್ನು ಕೊಡಲೇಬಾರದಿತ್ತು! ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಉಂಡು, ಗಂಟೆ ಹೊಡೆದಾಗ ಮಲಗಿ ಬೆಳೆದ ಹುಟ್ಟು ಕಥೋಲಿಕಳು ನಾನು. ಈ ಮಾತನ್ನು ಯೋಚಿಸಿಯೇ ಬರೆಯುತ್ತಿದ್ದೇನೆ. ನಾವೆಲ್ಲ ಭಾನುವಾರ ಪೂಜೆಗೆ ಹೋಗುತ್ತೇವೆ, ವಾಚನ ಕೇಳುತ್ತೇವೆ, 'ಆಮೆನ್' ಅನ್ನುತ್ತೇವೆ, ಮನೆಗೆ ಬಂದು ಕೋಳಿ ಸಾರಿಗೆ ಮಸಾಲೆ ಅರೆಯುತ್ತೇವೆ. ಕೇಳಿದ ವಾಕ್ಯ ಚರ್ಚಿನ ಬೆಂಚಿನ ಮೇಲೆ ಕ್ಷೇಮವಾಗಿರುತ್ತದೆ. ಭಾವನವರು ಅದನ್ನು ಅಲ್ಲಿ ಬಿಟ್ಟು ಬರುವುದಿಲ್ಲ. ಮನೆಗೆ ತರುತ್ತಾರೆ. ತಂದು, ಮಾಡಿಯೇ ಬಿಡುತ್ತಾರೆ!

ಇವರು ನನ್ನ ಅಕ್ಕನ ಗಂಡ. ಸರ್ಕಾರಿ ಬಸ್ಸಿನ ಕಂಡಕ್ಟರಾಗಿ, 'ಮುಳಬಾಗಿಲು, ಕೋಲಾರ, ಮಾಲೂರು' ಎಂದು ಕೂಗುತ್ತಲೇ ಸರ್ವಿಸ್ ಮುಗಿಸಿ, ಈಗ ಮಾಲೂರಿನಲ್ಲಿ ನೆಲೆಸಿದ್ದಾರೆ. ಮದುವೆಯಾದ ಹೊಸತರಲ್ಲಿ ಅಕ್ಕ ಅವರ ಬಸ್ಸನ್ನೇ ಹತ್ತಿದಳಂತೆ. ಎಲ್ಲರೆದುರು "ಟಿಕೆಟ್ ಅಮ್ಮಾ" ಎಂದು ಕೈ ಚಾಚಿದರಂತೆ ಭಾವ.

"ರೀ, ನಾನ್ರೀ! ನಿಮ್ಮ ಹೆಂಡ್ತಿ!"

"ಹೆಂಡ್ತಿ ಆದ್ರೂ ಸೀಟಲ್ಲೇ ತಾನೆ ಕೂತಿರೋದು?"

ಇಂಥ ಮನುಷ್ಯ ದೇವರ ವಾಕ್ಯಕ್ಕೆ ರಿಯಾಯಿತಿ ಕೊಡುತ್ತಾರೆಯೇ?

ಅವರ ವರ್ಷ ನಮ್ಮೆಲ್ಲರಿಗಿಂತ ಮೊದಲೇ ಶುರುವಾಗುತ್ತದೆ. ನಮ್ಮ ಕಥೋಲಿಕ ಧರ್ಮಸಭೆಯ ವರ್ಷ ಮೊದಲಾಗುವುದು ಆಗಮನ ಕಾಲದಿಂದ, ಅಂದರೆ ಕ್ರಿಸ್ಮಸ್ಸಿಗೆ ಸುಮಾರು ಒಂದು ತಿಂಗಳ ಮುಂಚೆ. ಆ ಕಾಲದ ಮೊದಲ ಭಾನುವಾರ ಇವರು ಇಸ್ತ್ರಿ ಅಂಗಿ ತೊಟ್ಟು ಮಾಲೂರಿನ ಬೀದಿಯಲ್ಲಿ ಕಂಡಕಂಡವರಿಗೆಲ್ಲ 'ಹೊಸ ವರ್ಷದ ಶುಭಾಶಯ' ಹೇಳುತ್ತಾ ಹೋಗುತ್ತಾರೆ. ಸೊಪ್ಪಿನವಳು ಕೇಳಿದಳಂತೆ: "ಏನಣ್ಣಾ, ಒಂದು ಹಾಳೆ ಜಾಸ್ತಿ ಹರ್ಕೊಂಡ್ಬಿಟ್ರಾ ಕ್ಯಾಲೆಂಡರಲ್ಲಿ?"

ತಪಸ್ಸುಕಾಲ ಬಂತೆನ್ನಿ. ಉಪವಾಸ ಮಾಡುವಾಗ ಮುಖ ಬಾಡಿಸಿಕೊಂಡು ತಿರುಗಬೇಡಿ, ಮುಖ ತೊಳೆದು ತಲೆಗೆ ಎಣ್ಣೆ ಹಚ್ಚಿಕೊಳ್ಳಿ ಎಂದು ಯೇಸುಸ್ವಾಮಿ ಹೇಳಿದ್ದಾರಲ್ಲ, ಅಷ್ಟು ಸಾಕು. ಈಸ್ಟರಿನವರೆಗೂ ಭಾವನವರ ತಲೆಯಿಂದ ಕೊಬ್ಬರಿ ಎಣ್ಣೆ ಇಳಿಯುತ್ತಿರುತ್ತದೆ. ಮುಖಕ್ಕೆ ಪೌಡರು, ಕಿಸೆಯಲ್ಲಿ ಬಾಚಣಿಗೆ. ನಾವು ಬರೀ ಗಂಜಿ ಕುಡಿದು ಬಾಡಿರುವ ಆ ದಿನಗಳಲ್ಲಿ ಇವರು ಮದುಮಗನಂತೆ ಮಿಂಚುತ್ತಾರೆ! ಬಸ್ ಸ್ಟ್ಯಾಂಡಿನಲ್ಲಿ ಹಳೆಯ ಡ್ರೈವರೊಬ್ಬರು ತಡೆದು ನಿಲ್ಲಿಸಿ, "ಯಾರ್ದೋ ಮದ್ವೆ ಊಟ ಹೊಡ್ಕೊಂಡ್ ಬಂದಂಗಿದೆ?" ಎಂದರು. ಬೆಳಗಿನಿಂದ ನೀರು ಬಿಟ್ಟು ಏನೂ ಮುಟ್ಟದ ಭಾವನವರು ಪರಮಾನಂದದಿಂದ ನನ್ನ ಕಡೆ ತಿರುಗಿ, "ನೋಡ್ದೇನಮ್ಮಾ, ಗೊತ್ತೇ ಆಗ್ಲಿಲ್ಲ ಅವ್ರಿಗೆ!" ಎಂದರು. ಅಕ್ಕನಿಗೆ ಮಾತ್ರ ಗೊತ್ತಾಗುತ್ತದೆ, ದಿಂಬಿನ ಕವರು ಒಗೆಯುವಾಗ.

ನಾಳೆಯ ಚಿಂತೆ ಬೇಡ ಎಂಬ ವಾಕ್ಯ ಅಡುಗೆಮನೆಗೆ ನುಗ್ಗಿದ ಕಥೆ ಇನ್ನೂ ಘೋರ. ಸಿಲಿಂಡರ್ ಖಾಲಿಯಾಗುವ ಮೊದಲೇ ಬುಕ್ ಮಾಡುವುದು ಅವಿಶ್ವಾಸವಂತೆ! ಒಂದು ದಿನ ಅರ್ಧ ಬೆಂದ ಮುದ್ದೆಯ ಮುಂದೆ ಅಕ್ಕ ಸೌಟು ಹಿಡಿದು ನಿಂತಳು.

"ಆಕಾಶದ ಹಕ್ಕಿಗಳನ್ನ ನೋಡೇ, ಅವು ಬಿತ್ತಲ್ಲ, ಕೊಯ್ಯಲ್ಲ..." ಎಂದು ಭಾವ ಶುರುಮಾಡಿದರು.

"ಅವು ಮುದ್ದೆನೂ ಕೇಳಲ್ಲ!" ಎಂದಳು ಅಕ್ಕ.

ಅಂದಿನಿಂದ ಸಿಲಿಂಡರಿನ ವಿಷಯದಲ್ಲಿ ಮಾತ್ರ ಭಾವನವರು ನಾಳೆಯ ಚಿಂತೆ ಮಾಡುತ್ತಾರೆ.

ಆದರೆ ನಾನು ಹೇಳಹೊರಟದ್ದು ಮೂರು ರಾಜರ ವಿಷಯ.

ಕ್ರಿಸ್ಮಸ್ಸಿನಲ್ಲಿ ನಮ್ಮ ಮನೆಗಳಲ್ಲಿ ಗೋದಲಿ ಮಾಡುತ್ತೇವೆ, ಯೇಸು ಹುಟ್ಟಿದ ದನದ ಕೊಟ್ಟಿಗೆಯ ಪುಟ್ಟ ನಕಲು. ಹುಲ್ಲು, ಹಸು, ಕುರಿ, ಮಗು, ತಾಯಿ ತಂದೆ, ಜೊತೆಗೆ ನಕ್ಷತ್ರ ನೋಡಿಕೊಂಡು ಪೂರ್ವದಿಂದ ಕಾಣಿಕೆ ತಂದ ಮೂವರು ರಾಜರು. ಎಲ್ಲರೂ ಎಲ್ಲ ಬೊಂಬೆಗಳನ್ನೂ ಒಟ್ಟಿಗೇ ಇಟ್ಟುಬಿಡುತ್ತಾರೆ. ಭಾವನವರು ಒಪ್ಪಲಿಲ್ಲ.

"ಮಗು ಹುಟ್ಟಿದ್ ಗಳಿಗೇಲೇ ರಾಜ್ರು ಹಾಜರಾ? ಪೂರ್ವದಿಂದ ಬರ್ಬೇಕಮ್ಮಾ ಅವ್ರು. ಮಾಲೂರಿಗೆ ಪೂರ್ವ ಯಾವುದು ಹೇಳು?"

ನಾನು ಬಾಯಿ ತಪ್ಪಿ, "ಮುಳಬಾಗಿಲು" ಎಂದೆ. ಕೆಟ್ಟೆ!

ಅಂದಿನಿಂದ ಗೇಣುದ್ದದ ಆ ಮೂರು ಮಣ್ಣಿನ ಬೊಂಬೆಗಳ ಖಾಯಂ ವಿಳಾಸ ಮುಳಬಾಗಿಲಾಯಿತು. ಅಲ್ಲಿ ಭಾವನವರ ಹಳೆಯ ಸ್ನೇಹಿತರೊಬ್ಬರ ದೋಸೆ ಹೋಟೆಲಿದೆ. ವರ್ಷಪೂರ್ತಿ ರಾಜರು ಅಲ್ಲಿ ಗಲ್ಲಾದ ಮೇಲೆ, ಗಣಪತಿಯ ಪಕ್ಕದಲ್ಲಿ. ಹೋಟೆಲಿನವರು ಬೆಳಗ್ಗೆ ಹಚ್ಚುವ ಸಾಂಬ್ರಾಣಿ ನಾಲ್ವರಿಗೂ ಸಲ್ಲುತ್ತದೆ. ರಾಜರ ಮೈಯೆಲ್ಲ ಸಾಂಬ್ರಾಣಿ ವಾಸನೆ ಎಂದು ನಾನು ಆಕ್ಷೇಪಿಸಿದರೆ, "ಮತ್ತೆ? ಅವ್ರು ತರ್ಬೇಕಾಗಿದ್ದೇ ಧೂಪ ಅಲ್ವಾ?" ಎಂದರು ಭಾವ.

ಕ್ರಿಸ್ಮಸ್ ಮುಗಿದ ಮೇಲೆ ಭಾವನವರು ಮುಳಬಾಗಿಲಿಗೆ ಹೋಗಿ ರಾಜರನ್ನು ಬಸ್ಸು ಹತ್ತಿಸುತ್ತಾರೆ. ನಾಲ್ಕು ಟಿಕೆಟ್! ಜೀವಮಾನವೆಲ್ಲ ಟಿಕೆಟ್ ಹರಿದ ಕೈ, ರಾಜರೆಂದು ಬಿಟ್ಟೀತೇ? ರಾಜರಿಗೆ ಸೀಟು. ಒಮ್ಮೆ ನಿಂತಿದ್ದ ಹೆಂಗಸೊಬ್ಬಳು, "ಬೊಂಬೆಗಳ್ನ ಕೂರ್ಸವ್ರೆ, ಮನುಷ್ಯರು ನಿಂತವ್ರೆ!" ಎಂದು ಗದರಿದಾಗ ಭಾವನವರು ತಾವೆದ್ದು ಜಾಗ ಕೊಟ್ಟರು. "ನೀನು ಕೂತ್ಕೋ ತಾಯಿ. ಅವ್ರು ಬಾಳ ದೂರದಿಂದ ಬರ್ತಾವ್ರೆ."

ಪವಿತ್ರ ಗ್ರಂಥದಲ್ಲಿ ಆ ರಾಜರು ಮಧ್ಯದಲ್ಲಿ ಜೆರುಸಲೇಮಿನಲ್ಲಿ ಇಳಿದು, ಕ್ರೂರಿಯಾದ ಹೆರೋದ ರಾಜನ ಬಳಿ ದಾರಿ ಕೇಳುತ್ತಾರೆ. ಮುಳಬಾಗಿಲಿಗೂ ಮಾಲೂರಿಗೂ ಮಧ್ಯೆ ಇರುವುದು ಕೋಲಾರ. ಕೋಲಾರದಲ್ಲಿ ಇರುವುದು ನನ್ನ ಮನೆ.

"ಜಿಲ್ಲಾ ಕೇಂದ್ರ ಅಂದ್ಮೇಲೆ ಅರಮನೆ ಇಲ್ಲೇ ಇರ್ಬೇಕಲ್ಲಮ್ಮಾ" ಎಂದರು ಭಾವ, ಬಹಳ ವಿನಯದಿಂದ. ಚಪ್ಪಲಿಗಳನ್ನು ಸಾಲಾಗಿ ಬಿಡಿಸುವವಳು, ಊಟಕ್ಕೆ ತಡವಾಗಿ ಬಂದವರನ್ನು ದುರುಗುಟ್ಟಿ ನೋಡುವವಳು ಎಂದು ನನಗೆ ಈ ಪಟ್ಟ ಕಟ್ಟಿದರೆಂದು ಅಕ್ಕ ಆಮೇಲೆ ಬಾಯಿಬಿಟ್ಟಳು. ಅಂದಿನಿಂದ ನಾನು ಹೆರೋದಮ್ಮ!

ಪ್ರತಿ ವರ್ಷವೂ ಬಾಗಿಲು ತಟ್ಟುತ್ತಾರೆ. ರಾಜರನ್ನು ಎತ್ತಿ ಹಿಡಿದು, "ಹುಟ್ಟಿರುವ ಅರಸ ಎಲ್ಲಿ?" ಎಂದು ಕೇಳುತ್ತಾರೆ. ನಾನು ಒಗ್ಗರಣೆ ಬಿಟ್ಟು ಬಂದು, ಹೆರೋದ ಹೇಳಿದ್ದನ್ನೇ ಹೇಳಬೇಕು: "ಹೋಗಿ ಹುಡುಕಿ. ಸಿಕ್ಕಿದರೆ ನನಗೂ ಬಂದು ತಿಳಿಸಿ. ನಾನೂ ಹೋಗಿ ಆರಾಧಿಸುತ್ತೇನೆ." ಹೇಳದಿದ್ದರೆ ಕದಲುವುದಿಲ್ಲ, ಸಾಸಿವೆ ಸೀದರೂ!

ಆದರೆ ಅವರು ಬಂದು ತಿಳಿಸಿದ್ದುಂಟೇ? ಹೆರೋದ ಮಗುವನ್ನು ಕೊಲ್ಲಲು ಹೊಂಚು ಹಾಕಿದ್ದ, ಅದಕ್ಕೇ ರಾಜರು ಅವನಿಗೆ ಹೇಳದೆ ಬೇರೆ ದಾರಿಯಿಂದ ಹೋದರು ಎಂದಿದೆಯಲ್ಲ. ಹಾಗಾಗಿ ಜನವರಿ ಆರಂಭದ ಮೂರು ರಾಜರ ಹಬ್ಬ ಮುಗಿದ ಮೇಲೆ ಅವರ ವಾಪಸು ಪ್ರಯಾಣ ಶ್ರೀನಿವಾಸಪುರದ ಕಡೆಯಿಂದ. ಯಲ್ದೂರಿನ ಮಾವಿನ ತೋಟದ ಅಜ್ಜಿಯೊಬ್ಬರ ಮನೆಯಲ್ಲಿ ತಂಗುತ್ತಾರೆ. ಚಳಿಯೆಂದು ಆ ಅಜ್ಜಿ ಮೂವರಿಗೂ ಟವೆಲ್ ಹೊದಿಸುತ್ತಾರಂತೆ. ಯಲ್ದೂರಿಗೆ ಹೋಗಲು ಕೋಲಾರದಲ್ಲೇ ಬಸ್ಸು ಬದಲಿಸಬೇಕು. ಆಗ ಭಾವನವರು, ಹೆರೋದನ ಗೂಢಚಾರರು ನೋಡಿಯಾರೆಂದು, ರಾಜರನ್ನು ಚೀಲದಲ್ಲಿ ಅಡಗಿಸಿಕೊಂಡು ಓಡುತ್ತಾರೆ. ಬಸ್ ಸ್ಟ್ಯಾಂಡಿನಿಂದ ನನ್ನ ಮನೆ ಎಷ್ಟು ದೂರ? ಕೂಗಿದರೆ ಕೇಳುತ್ತದೆ! ಒಂದು ಲೋಟ ಕಾಫಿಗೂ ಬರಬಾರದೇ ಎಂದು ಪ್ರತಿವರ್ಷ ನನಗೆ ಚುರುಕ್ಕೆನ್ನುತ್ತಿತ್ತು.

ಕಳೆದ ಬಾರಿ ಆಗಮನ ಕಾಲದಲ್ಲೇ ಭಾವನವರ ಎದೆ ಹಿಡಿದುಕೊಂಡಿತು. ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಡಾಕ್ಟರು, ಬಸ್ಸು ಬೇಡ, ಓಡಾಟ ಬೇಡ, ಉದ್ವೇಗ ಬೇಡ ಎಂದರು. ನಾನು ಮಾಲೂರಿಗೆ ಹೋಗಿ ಆಡಳಿತ ವಹಿಸಿಕೊಂಡೆ. ಮಾತ್ರೆಗೊಂದು ಹೊತ್ತು, ಗಂಜಿಗೊಂದು ಹೊತ್ತು, ನಿದ್ದೆಗೊಂದು ಹೊತ್ತು. ಮುಳಬಾಗಿಲಿಗೂ ಫೋನ್ ಮಾಡಿ, "ಈ ವರ್ಷ ರಾಜರ ಪ್ರಯಾಣ ರದ್ದು. ಭಾವನವರ ಹತ್ತಿರ ಆ ಮಾತೇ ಎತ್ತಬೇಡಿ" ಎಂದೆ. "ಅಟ್ಲೇ ಅಮ್ಮಾ, ಹಂಗೇ ಆಗ್ಲಿ" ಎಂದರು ಹೋಟೆಲಿನವರು.

ಗೋದಲಿಯನ್ನೂ ನಾನೇ ಮಾಡಿದೆ. ಕುರಿಗಳು ಎಷ್ಟು ಸಾಲಾಗಿ ನಿಂತಿದ್ದವು! ಭಾವನವರು ಮಂಚದ ಮೇಲಿಂದ ಅದನ್ನು ನೋಡಿದರು. ರಾಜರು ನಿಲ್ಲಬೇಕಾದ ಜಾಗವನ್ನು ನೋಡಿದರು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡರು. ಗಂಜಿ ಎರಡು ಚಮಚಕ್ಕೆ ನಿಂತಿತು. ತಲೆಗೆ ಎಣ್ಣೆ ಹಚ್ಚಲು ಹೋದರೆ ಬೇಡವೆಂದರು. ಎಲ್ಲಕ್ಕಿಂತ ಹೆಚ್ಚಾಗಿ, ಶುಭಸಂದೇಶದ ಒಂದು ವಾಕ್ಯವನ್ನೂ ಆಡಲಿಲ್ಲ.

ಅಕ್ಕ ಅಡುಗೆಮನೆಯಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು, "ಆಕಾಶದ ಹಕ್ಕಿ ಅಂತ ಒಂದ್ಸಲ ಅನ್ಲಿ ಕಣೇ. ನಾನೇನೂ ಅನ್ನಲ್ಲ" ಎಂದಳು.

ಡಾಕ್ಟರ ಮಾತು ಮೀರಲು ನನಗೆ ಧೈರ್ಯ ಬರಲಿಲ್ಲ. ಹೊಸ ವರ್ಷ ಕಳೆದು ಕೋಲಾರಕ್ಕೆ ಮರಳಿದೆ.

ಮೂರು ರಾಜರ ಹಬ್ಬದ ಬೆಳಗ್ಗೆ ಅಕ್ಕನ ಫೋನು. ಓಡಿಬಂದು ಎತ್ತಿದೆ.

"ಬಂದ್ಬಿಟ್ರು ಕಣೇ!"

"ಯಾರು?"

"ರಾಜ್ರು!"

ಮುಳಬಾಗಿಲಿನವರು ಹೋಟೆಲಿಗೆ ಬೀಗ ಹಾಕಿ, ರಾಜರನ್ನು ಎತ್ತಿಕೊಂಡು, ಬೇತಮಂಗಲದ ಮೇಲೆ ಬಂಗಾರಪೇಟೆಗೆ ಬಂದು, ಅಲ್ಲಿಂದ ರೈಲು ಹಿಡಿದು ಮಾಲೂರಿನಲ್ಲಿ ಇಳಿದಿದ್ದರು. ಅಷ್ಟು ಸುತ್ತಿದ್ದು ಕೋಲಾರ ತಪ್ಪಿಸಲು! ಭಾವನವರು ರಾಜರನ್ನು ಕಂಡವರೇ ಎದ್ದು ಕೂತು ಆಡಿದ ಮೊದಲ ಮಾತು, "ಟಿಕೆಟ್ ತಗೊಂಡ್ಯಾ?" ಹೋಟೆಲಿನವರು ಕಿಸೆಯಿಂದ ಬಸ್ಸಿನವು, ರೈಲಿನವು ಎಲ್ಲವನ್ನೂ ತೆಗೆದು ತೋರಿಸಿದರಂತೆ. ನಾಲ್ಕು ಜನಕ್ಕೆ! ಭಾವ ನಕ್ಕರಂತೆ. ನಕ್ಕು, ದೋಸೆ ಕೇಳಿದರಂತೆ.

ಸಂಜೆ ನನ್ನ ಬಾಗಿಲು ಯಾರೋ ತಟ್ಟಿದರು. ನೋಡಿದರೆ ಆ ಹೋಟೆಲಿನವರೇ, ಎದೆಗೊಂದು ಬಟ್ಟೆಯ ಚೀಲ ಅವುಚಿಕೊಂಡು, ಹೊಸ್ತಿಲಿಂದ ಎರಡು ಹೆಜ್ಜೆ ಹಿಂದೆ ನಿಂತಿದ್ದಾರೆ.

"ನಾನು ಬೇಡ ಅಂದಿರಲಿಲ್ವೇನ್ರೀ?" ಎಂದೆ. ರೂಢಿಯ ಗಡಸು ದನಿ ಎಲ್ಲಿ ಹೋಗುತ್ತದೆ?

"ಏಂ ಚೇಯ್ಯಾಲಮ್ಮಾ, ನಾನೇನ್ ಮಾಡ್ಲಿ?" ಎಂದರು. "ಹೆರೋದನ ಮಾತು ಕೇಳ್ಬಾರ್ದು ಅಂತ ಕಥೇಲೇ ಐತಲ್ಲಾ!"

ನಗು ತಡೆಯಲಾಗದೆ ಒಳಗೆ ಕರೆದೆ. ಅವರು ಚೀಲದಿಂದ ರಾಜರನ್ನು ಒಬ್ಬೊಬ್ಬರನ್ನಾಗಿ ತೆಗೆದು ನನ್ನ ಮೇಜಿನ ಮೇಲೆ ನಿಲ್ಲಿಸಿದರು. ಆಮೇಲೆ, ಪಾಠ ಒಪ್ಪಿಸುವವರಂತೆ ಕೈಕಟ್ಟಿಕೊಂಡರು.

"ಅಣ್ಣ ಹೇಳಿ ಕಳ್ಸವ್ರೆ. ಹೆರೋದಮ್ಮ ವರ್ಷಾ ವರ್ಷಾ 'ನಂಗೂ ಬಂದು ತಿಳ್ಸಿ' ಅಂತ ಕೇಳ್ತಾನೇ ಇದ್ಲು, ನಾವು ಒಂದ್ಸಲಾನೂ ಬರ್ಲಿಲ್ಲ. ಈ ಸಲ ಅವ್ಳ ಮನೆ ಮೇಲೇನೇ ಹೋಗು, ಹೋಗಿ ಹೇಳು ಅಂದ್ರು." ಆಮೇಲೆ ರಾಜರ ಪರವಾಗಿ ಹೇಳಿದರು: "ಮಗು ಸಿಕ್ತು. ಚೆನ್ನಾಗದೆ."

ಕಾಫಿ ತರುತ್ತೇನೆಂದು ಒಳಗೆ ಹೋದವಳು ಬಹಳ ಹೊತ್ತು ಒಳಗೇ ನಿಂತಿದ್ದೆ. ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ನನ್ನ ಮನೆಯಲ್ಲಿ!

ಕಾಫಿ ಕುಡಿದು, "ಯಲ್ದೂರಿನ ಅಜ್ಜಿ ಕಾಯ್ತಿರ್ತಾರೆ. ನಾಳೆ ಹೋಟ್ಲು ತೆಗೀಬೇಕು, ಹೆಂಗ್ ಮಾಡೋದೋ" ಎಂದು ಅವರು ತಲೆ ಕೆರೆದುಕೊಂಡರು. "ನೀವು ಊರಿಗೆ ನಡೀರಿ, ರಾಜರು ಇಲ್ಲಿರಲಿ" ಎಂದೆ.

ಮರುದಿನ ಬೆಳಗ್ಗೆ ತಲೆಗೆ ಎಣ್ಣೆ ಹಚ್ಚಿ, ಇಸ್ತ್ರಿ ಸೀರೆ ಉಟ್ಟು, ಶ್ರೀನಿವಾಸಪುರದ ಬಸ್ಸು ಹತ್ತಿದೆ. ರಾಜರನ್ನು ಕಿಟಕಿಯ ಪಕ್ಕ ಕೂರಿಸಿ, ಬಿಸಿಲು ಕಣ್ಣಿಗೆ ಬೀಳದಂತೆ ಪರದೆ ಸರಿಸಿದೆ. ಕಂಡಕ್ಟರು ಬಂದರು.

"ಎಲ್ಲಿಗಮ್ಮಾ? ಎಷ್ಟು ಜನ?"

"ಯಲ್ದೂರಿಗೆ," ಎಂದೆ. "ನಾಲ್ಕು."